ಕೆಂಪು ದಿಂಬು, ನೀಲಿ ದಿಂಬು

ಮನೆಯಿಂದ,
ಮಾರ್ಚ್ ೯, ಮಂಗಳವಾರ ಬೆಳಿಗ್ಗೆ

ಪ್ರೀತಿಯ ಸೊಸೆಯಮ್ಮನಿಗೆ ನಿನ್ನ ಮಾವನ ಆಶೀರ್ವಾದಗಳು.

ಹೇಗಿದ್ದೀಯ ತಾಯಿ? ಕೆಮ್ಮು ನಿಜವಾಗಿ ಹೋಯಿತೋ, ಇಲ್ಲ ನಾವು ಗಾಬರಿಯಾಗುತ್ತೇವೆಂದು ಹೋಯಿತು ಅಂತ ಬರೆದೆಯೋ? ಹೊತ್ತು ಹೊತ್ತಿಗೆ ಊಟ ಮಾಡು. ನೀರಿನ ಮೇಲೆ ಕೆಲಸ, ಕಿವಿಗೆ ಬಟ್ಟೆ ಕಟ್ಟಿಕೋ. ಸೇತುವೆಯ ಕಂಬಗಳು ಮೇಲೆದ್ದ ಸುದ್ದಿಯನ್ನು ಪುಟ್ಟಿ ಶಾಲೆಯ ತುಂಬ ಹಂಚಿ ಬಂದಿದ್ದಾಳೆ. "ನಮ್ಮಮ್ಮ ನದಿಗೆ ಕಾಲು ಕಟ್ತಾ ಇದಾಳೆ" ಎನ್ನುತ್ತಾಳಂತೆ. ನಿನ್ನ ಗಂಡ ಪರೀಕ್ಷೆಯ ಉತ್ತರಪತ್ರಿಕೆ ತಿದ್ದುತ್ತಾ ತಿದ್ದುತ್ತಾ ಮನೆಯಲ್ಲೂ ನಮಗೆಲ್ಲ ಅಂಕ ಹಾಕುವ ಹಾಗಾಗಿದ್ದಾನೆ. ನಿನ್ನ ಅತ್ತೆಯ ಮಂಡಿನೋವು ಕಡಿಮೆ. ಅಂಗಡಿ ನಡೆಯುತ್ತಿದೆ. ಈಗೀಗ ಎಲ್ಲರೂ ರಬ್ಬರಿನ ಹಾಸಿಗೆಯೇ ಬೇಕೆಂದರೂ ಬೆನ್ನು ಹಿಡಿದುಕೊಂಡ ಮೇಲೆ ಹತ್ತಿ ಹಾಸಿಗೆಗೆ ನನ್ನ ಹತ್ತಿರವೇ ಬರುತ್ತಾರೆ. ಬೆನ್ನುನೋವು ಇರುವವರೆಗೂ ನನ್ನ ಸೂಜಿಗೆ ಕೆಲಸ ಇದೆ.

ನೀನು ಕಳಿಸಿದ ಲಾರಿ ಡ್ರೈವರಣ್ಣ ನಿನ್ನೆ ಸಂಜೆ ಬಂದರು. ಕೈಯಲ್ಲಿ ನಿನ್ನ ಚೀಟಿ, ಹೆಗಲ ಮೇಲೆ ಹೊಸ ಸರಪಳಿ, ಜೇಬಿನಲ್ಲಿ ನಾಯಿಗೆ ಆಸೆ ತೋರಿಸಿ ಲಾರಿ ಹತ್ತಿಸಲು ಒಂದು ಪೊಟ್ಟಣ ಬಿಸ್ಕತ್ತು. ಹೋದ ವಾರದ ಪತ್ರದಲ್ಲಿ ಬರೆದದ್ದನ್ನೇ ಚೀಟಿಯಲ್ಲೂ ಬರೆದಿದ್ದೀಯ. ಮೂರನೇ ಮಹಡಿಯ ಮನೆ, ಲಿಫ್ಟಿಲ್ಲ, ಮಾವನಿಗೆ ವಯಸ್ಸಾಯಿತು, ಅಷ್ಟು ದೊಡ್ಡ ನಾಯಿಯನ್ನು ಇನ್ನೊಂದು ವರ್ಷ ಹತ್ತಿಸಿ ಇಳಿಸುವುದು ಯಾರಿಂದಲೂ ಆಗದು, ಇಲ್ಲಿ ಅಂಗಳವಿದೆ, ನನ್ನ ಮೂಟೆಯನ್ನು ನನ್ನ ಹತ್ತಿರ ಕಳಿಸಿಬಿಡಿ, ಎಂದು. ಅವನು ಈಗ ಚೆನ್ನಾಗಿದ್ದಾನೆ ಎಂದು ನಾವು ಬರೆದದ್ದನ್ನು ನೀನು ನಂಬಲಿಲ್ಲ. ನಂಬದಿದ್ದದ್ದೇ ಸರಿ. ಅವನು ಉಬ್ಬುತ್ತಿದ್ದ ದಿನಗಳಲ್ಲೂ ನಾವು ಚೆನ್ನಾಗಿದ್ದಾನೆ ಎಂದೇ ಬರೆದಿದ್ದೆವಲ್ಲ. ಡ್ರೈವರಣ್ಣ ಈಗ ಕೆಳಗೆ ಲಾರಿಯ ಗಾಜು ಒರೆಸುತ್ತಿದ್ದಾರೆ. ಅವರು ಹೊರಡುವುದರೊಳಗೆ ನಿನಗೊಂದು ಕಥೆ ಹೇಳಬೇಕು.

ಈ ಕಥೆಯನ್ನು ಮೊದಲು ಹೇಳಿದವಳು ನಿನ್ನ ಅತ್ತೆ. ಹೇಳಿದ್ದು ಮೂಟೆ ಮೆಟ್ಟಿಲ ಮೇಲೆ ಕೂತುಬಿಟ್ಟ ದಿನ ಸಂಜೆ, ಊಟದ ಮೇಜಿನ ಸುತ್ತ ನಾವೆಲ್ಲ ಮುಖ ಕೆಳಗೆ ಹಾಕಿಕೊಂಡಿದ್ದಾಗ.

ಮುಖ ಕೆಳಗೆ ಹಾಕಿಕೊಂಡಿದ್ದು ಯಾಕೆಂದು ಮೊದಲು ಹೇಳುತ್ತೇನೆ. ನೀನು ಹೊರಟ ದಿನ ಮೂಟೆ ಬಾಗಿಲ ಹತ್ತಿರ ಮಲಗಿದವನು ಅಲ್ಲಾಡಲಿಲ್ಲ. ಅನ್ನದ ತಟ್ಟೆ ಕಡೆ ತಿರುಗಿಯೂ ನೋಡಲಿಲ್ಲ. ಕರುವಿನಷ್ಟು ಎತ್ತರ, ಕರಡಿಯಷ್ಟು ಕೂದಲು ಇರುವ ಪ್ರಾಣಿ, ಗದರಿಸಿಕೊಂಡ ಮಗುವಿನ ಹಾಗೆ ಗದ್ದವನ್ನು ನೆಲಕ್ಕೆ ಊರಿ ಮಲಗಿದರೆ ಯಾರ ಕರುಳು ತಾನೇ ಸುಮ್ಮನಿರುತ್ತದೆ? ಅವನನ್ನು ಮನೆಗೆ ತಂದಾಗ "ಈ ಮನೆಗೆ ನಾಯಿ ಬೇಡ, ಅದೂ ಇಷ್ಟು ಗಾತ್ರದ್ದು ಬೇಡವೇ ಬೇಡ" ಎಂದು ಕೂಗಾಡಿದವನು ನಾನು. ಮರಿ ನೇರವಾಗಿ ನನ್ನ ಹತ್ತಿಮೂಟೆಯ ಮೇಲೆ ಹತ್ತಿ ಗೊರಕೆ ಹೊಡೆದಾಗ ಅವನಿಗೆ ಹೆಸರಿಟ್ಟವನೂ ನಾನೇ. ಅಂತೂ ಅವನು ಮತ್ತೆ ತಿನ್ನತೊಡಗಿದ. ತಿಂದ, ತಿಂದ, ಮೈ ತುಂಬಿಕೊಂಡ. ಬೀದಿಯವರೆಲ್ಲ "ಏನ್ರೀ, ಸೊಸೆ ಇಲ್ಲದಿದ್ರೂ ನಾಯೀನ ಚೆನ್ನಾಗಿ ನೋಡ್ಕೊಂಡಿದೀರ" ಎಂದರು. ನನಗಂತೂ ಎದೆ ಉಬ್ಬಿತು. ನಮ್ಮ ಕಸುಬೇ ಅಂಥದ್ದು ನೋಡು. ಹಾಸಿಗೆ ಕೊಳ್ಳಲು ಬಂದವರು ಅಂಗೈಯಿಂದ ಒತ್ತುತ್ತಾರೆ, ಕೆಳಗಿನ ಹಲಗೆ ಕೈಗೆ ತಗಲದಿದ್ದರೆ "ಚೆನ್ನಾಗಿ ತುಂಬಿದೀರ" ಎನ್ನುತ್ತಾರೆ. ನಾನೂ ದಿನಾ ಸಂಜೆ ಮೂಟೆಯ ಪಕ್ಕೆಯನ್ನು ಒತ್ತಿ ನೋಡುತ್ತಿದ್ದೆ. ಒಂದು ಎಲುಬೂ ಸಿಗುತ್ತಿರಲಿಲ್ಲ. ಭೇಷ್, ಇವನು ಮೊದಲನೇ ದರ್ಜೆ ಮಾಲು, ಅಂದುಕೊಳ್ಳುತ್ತಿದ್ದೆ!

ಆಮೇಲೆ ಆ ದಿನ ಬಂತು. ತಿರುಗಾಡಿ ಬಂದವನು ಎರಡನೇ ಮಹಡಿಯ ತಿರುವಿನಲ್ಲಿ ಕೂತ. ಕೂತವನು ಏಳಲಿಲ್ಲ. ಕರೆದರೆ ಬಾಲ ಆಡಿಸುತ್ತಾನೆ, ಕಣ್ಣಲ್ಲಿ ಕ್ಷಮೆ ಕೇಳುತ್ತಾನೆ, ಹಿಂಗಾಲು ಮಾತ್ರ ಏಳದು. ಕೊನೆಗೆ ಅಂಗಡಿಯಿಂದ ಜೋಡಿ ಹಾಸಿಗೆಯ ಖಾಲಿ ಗವಸು ತಂದು, ಅದರ ಮೇಲೆ ಅವನನ್ನು ಉರುಳಿಸಿ, ನಿನ್ನ ಗಂಡ, ನಾನು, ಕೆಳಗಿನ ಮನೆಯ ಗಡಿಯಾರ ರಿಪೇರಿಯವರು, ಅವರ ಹೆಂಡತಿ ನಾಲ್ಕು ಮೂಲೆ ಹಿಡಿದು ಮೇಲೆ ತಂದೆವು. ಪುಟ್ಟಿ ಮುಂದೆ ಮುಂದೆ "ದಾರಿ ಬಿಡಿ, ಪೇಷಂಟು" ಎಂದು ಕೂಗುತ್ತಿದ್ದಳು. ನಗು ಬರಬೇಕಿತ್ತು. ಯಾರಿಗೂ ಬರಲಿಲ್ಲ.

ನಾಯಿ ಡಾಕ್ಟರಮ್ಮ ಮನೆಗೇ ಬಂದರು. ಎಷ್ಟು ತಿನ್ನುತ್ತಾನೆ ಎಂದು ಕೇಳಿದರು. ನಾಲ್ಕು ಜನರೂ ಒಂದೇ ಸ್ವರದಲ್ಲಿ "ಹೊತ್ತಿಗೊಂದು ಬಟ್ಟಲು, ಅಷ್ಟೇ" ಎಂದೆವು. ಅವರು ಅವನ ಪಕ್ಕೆಯ ಮೇಲೆ ಕೈಯಿಟ್ಟು, ನನ್ನ ಕೈಯನ್ನೂ ಎಳೆದು ಅಲ್ಲೇ ಇಟ್ಟರು. ನಾನು ಅಭ್ಯಾಸದಂತೆ ಒತ್ತಿ, "ಎಲುಬು ಸಿಗೋದೇ ಇಲ್ಲ ಡಾಕ್ಟ್ರೇ" ಎಂದು ಹೆಮ್ಮೆಯಿಂದ ಹೇಳಿದೆ. "ಅದೇ ರೋಗ. ಇದು ಹಾಸಿಗೆ ಅಲ್ಲ ಯಜಮಾನ್ರೇ, ನಾಯಿ" ಎಂದರು. ಇಷ್ಟು ಕೂದಲಿರುವ ನಾಯಿಯನ್ನು ಕಣ್ಣಿನಿಂದ ಅಳೆಯಬಾರದಂತೆ, ಕೈಯಿಂದ ಅಳೆಯಬೇಕಂತೆ. ಒತ್ತದೆ ಸುಮ್ಮನೆ ಸವರಿದರೆ ತೆಳ್ಳನೆ ಹೊದಿಕೆಯ ಕೆಳಗೆ ಪಕ್ಕೆಲುಬು ಒಂದೊಂದಾಗಿ ಬೆರಳಿಗೆ ಸಿಗಬೇಕು. ಮೇಲಿನಿಂದ ನೋಡಿದರೆ ಪಕ್ಕೆ ಮುಗಿದ ಕಡೆ ಸೊಂಟ ಒಳಗೆ ಹೋಗಿರಬೇಕು. ಪಕ್ಕದಿಂದ ನೋಡಿದರೆ ಹೊಟ್ಟೆ ಹಿಂಗಾಲಿನ ಕಡೆಗೆ ಮೇಲಕ್ಕೆ ಏರಿರಬೇಕು. ಎಲುಬು ಎದ್ದು ಕಾಣುವ ಹಾಗೆ ಬಡಕಲಾದರೂ ತಪ್ಪು, ಹುಡುಕಿದರೂ ಸಿಗದಿದ್ದರೂ ತಪ್ಪು. ದೊಡ್ಡ ಜಾತಿಯ ನಾಯಿಗೆ ಮೊದಲೇ ಕೀಲುಗಳ ಮೇಲೆ ಭಾರ ಜಾಸ್ತಿ, ಅದರ ಮೇಲೆ ನಾವು ಪ್ರೀತಿಯನ್ನೂ ಹೇರಿದರೆ ಸೊಂಟ ಕುಸಿಯುತ್ತದೆ ಎಂದರು. "ತೂಕ ಇಳಿಸಿ, ಆದ್ರೆ ಉಪವಾಸ ಕೆಡವಬೇಡಿ. ನಿಧಾನಕ್ಕೆ. ಇಳಿಸದಿದ್ರೆ ಇವನು ಮೂರನೇ ಮಹಡಿಯಲ್ಲಿರೋ ಪ್ರಾಣಿ ಅಲ್ಲ." ಆ ಕೊನೆಯ ಮಾತನ್ನೇ ನಿನ್ನ ಗಂಡ ನಿನಗೆ ಬರೆದದ್ದು.

ಆ ಸಂಜೆ ನಿನ್ನ ಅತ್ತೆ ಹೇಳಿದ ಕಥೆ ಇದು. ಒಬ್ಬಳು ರಾಣಿ, ಅವಳಿಗೊಂದು ಬಿಳಿ ಕುದುರೆ. ರಾಣಿ ದೂರದೇಶಕ್ಕೆ ಹೊರಟಾಗ ನಾಲ್ಕು ಜನರ ಕೈಗೆ ಕುದುರೆ ಒಪ್ಪಿಸಿದಳು. ಕುದುರೆ ಅವಳು ಹೋದ ದಾರಿಯನ್ನೇ ನೋಡುತ್ತಾ ನಿಂತಿತು. ಮೊದಲನೆಯವನು ಅಯ್ಯೋ ಎಂದು ಉಳಿದ ಮೂವರಿಗೂ ಕಾಣದ ಹಾಗೆ ಒಂದು ಹಿಡಿ ಕಾಳು ಹಾಕಿದ. ಎರಡನೆಯವನು ಅಯ್ಯೋ ಎಂದು, ಮೂವರಿಗೂ ಕಾಣದ ಹಾಗೆ, ಒಂದು ಹಿಡಿ. ಮೂರನೆಯವಳೂ ಅಷ್ಟೇ, ನಾಲ್ಕನೆಯವಳೂ ಅಷ್ಟೇ. ರಾಣಿ ತಿರುಗಿ ಬರುವಾಗ ನದಿ ತುಂಬಿತ್ತು. ಆಚೆ ದಡದಲ್ಲಿ ನಿಂತು, ನನ್ನ ಕುದುರೆ ತನ್ನಿ, ಅದೊಂದೇ ಈ ನೀರು ಈಜುವುದು ಎಂದು ಕೂಗಿದಳು. ಓಡಿಹೋಗಿ ಬಾಗಿಲು ತೆಗೆದರೆ ಕುದುರೆ ಲಾಯದ ಬಾಗಿಲಿನಲ್ಲಿ ತೂರುವುದೇ ಇಲ್ಲ. "ಯಾರು ತಿನ್ನಿಸಿದ್ದು?" "ನಾನು ಒಂದು ಹಿಡಿ ಅಷ್ಟೇ." "ನಾನೂ ಒಂದು ಹಿಡಿ ಅಷ್ಟೇ." ಇಷ್ಟು ಹೇಳಿ ನಿನ್ನ ಅತ್ತೆ ತಟ್ಟೆ ಎತ್ತಿಕೊಂಡು ಎದ್ದಳು. ಪುಟ್ಟಿ "ಆಮೇಲೆ ಅಜ್ಜಿ?" ಎಂದಳು. "ಆಮೇಲೇನಾಯ್ತೋ ನಂಗೇನು ಗೊತ್ತು? ನಾಳೆ ಬೆಳಿಗ್ಗೆ ನೋಡೋಣ" ಎಂದುಬಿಟ್ಟಳು.

ಬೆಳಿಗ್ಗೆ ನಾನು ಎದ್ದು ಅಡುಗೆಮನೆಗೆ ಹೋಗುವಷ್ಟರಲ್ಲಿ ಕಟ್ಟೆಯ ಮೇಲೆ ಹಾಲಿನ ಕೆನೆ ತೆಗೆದಿಡುವ ಚಿಕ್ಕ ಪಾತ್ರೆ ಖಾಲಿಯಾಗಿ ಬೋರಲು ಬಿದ್ದಿತ್ತು. ಅದು ನಿನ್ನ ಅತ್ತೆಯದು, ಮೊದಲು ಇಟ್ಟವಳು ಅವಳೇ. ಅದರ ಪಕ್ಕ ಪುಟ್ಟಿಯ ಶಾಲೆಯ ಡಬ್ಬಿ, ಒಳಗೆ ಬ್ರೆಡ್ಡಿನ ಅಂಚುಗಳು. ಅದರ ಪಕ್ಕ ನಿನ್ನ ಗಂಡ ಬೇಯಿಸಿದ ಮೊಟ್ಟೆ ಬಚ್ಚಿಡುತ್ತಿದ್ದ ಕಾಗದದ ಚೀಲ. ನಾನು ಕೆಳಗಿಳಿದು ಅಂಗಡಿಗೆ ಹೋಗಿ, ಹೊಲಿಗೆ ಯಂತ್ರದ ಹಿಂದಿಟ್ಟಿದ್ದ ಬಿಸ್ಕತ್ತಿನ ಡಬ್ಬಿ ತಂದು ಸಾಲಿನಲ್ಲಿ ಇಟ್ಟೆ. ನಾಲ್ಕು ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಆಗ ಬಂತು ನೋಡು ಹಿಂದಿನ ದಿನ ಬರಬೇಕಿದ್ದ ನಗು. ನಿನ್ನ ಅತ್ತೆ ಕಣ್ಣು ಒರೆಸಿಕೊಳ್ಳುವಷ್ಟು ನಕ್ಕಳು. ಮೂಟೆ ಆ ಸಾಲನ್ನು ಕಂಡು, ಇಷ್ಟೊಂದು ಒಟ್ಟಿಗೇ ನನಗೇ ಇಟ್ಟಿದ್ದಾರೆ ಎಂದು ತಿಳಿದು ಬಾಲದಿಂದ ನೆಲ ಬಡಿದ.

ಅಲ್ಲಿಂದ ಮುಂದೆ ಅವನ ಊಟ ಒಬ್ಬರ ಕೈಯಿಂದ ಮಾತ್ರ, ಅಳತೆಯ ಬಟ್ಟಲಿನಿಂದ ಮಾತ್ರ. ಪುಟ್ಟಿ ಏನಾದರೂ ಕೊಡಲೇಬೇಕೆಂದರೆ ಅಷ್ಟನ್ನು ಬಟ್ಟಲಿನಿಂದ ತೆಗೆದ ಮೇಲೆ ಕೊಡಬೇಕು. ಮೊದಲ ವಾರಗಳಲ್ಲಿ ಮೆಟ್ಟಿಲು ಇಳಿಸುವಾಗ ಹಾಸಿಗೆ ಬಟ್ಟೆಯ ಪಟ್ಟಿಯನ್ನು ಅವನ ಸೊಂಟದ ಕೆಳಗೆ ಹಾಯಿಸಿ ನಾನೂ ನಿನ್ನ ಗಂಡನೂ ಎತ್ತಿ ಹಿಡಿಯುತ್ತಿದ್ದೆವು. ಕೆಳಗೆ ಸಮ ನೆಲದಲ್ಲಿ ನಿಧಾನ ನಡಿಗೆ, ಮೊದಲು ಬೀದಿಯ ತುದಿಯವರೆಗೆ, ಆಮೇಲೆ ಕೆರೆಯವರೆಗೆ. ಅಂಗಡಿಯ ಹತ್ತಿ ತೂಗುವ ಯಂತ್ರದ ಮೇಲೆ ಅವನನ್ನು ಆಗಾಗ ನಿಲ್ಲಿಸುತ್ತೇವೆ. ಗಿರಾಕಿಗಳು "ಇದೆಷ್ಟು ಕಿಲೋ ಹತ್ತಿ?" ಎಂದು ಕೇಳುತ್ತಾರೆ. ಆದರೆ ತೂಕ ನೋಡಿದ ಮೇಲೂ ಕೈ ಹಾಕಿಯೇ ನೋಡುತ್ತೇನೆ. ಎಷ್ಟು ಹತ್ತಿ ಎಂದು ಯಂತ್ರ ಹೇಳೀತು, ಎಲ್ಲಿ ಗಂಟು ಕಟ್ಟಿದೆ ಎಂದು ಅದಕ್ಕೇನು ಗೊತ್ತು? ಕಷ್ಟವಾದದ್ದು ತೂಕ ಇಳಿಸುವುದಲ್ಲ, ಅವನ ಕಣ್ಣು. ಮಧ್ಯಾಹ್ನದ ಚಹಾಕ್ಕೆ ನಾನು ಬಿಸ್ಕತ್ತು ಮುರಿದರೆ ಸಾಕು, ಜಗತ್ತಿನ ಅನಾಥರೆಲ್ಲ ಒಟ್ಟಾಗಿ ನೋಡಿದ ಹಾಗೆ ನೋಡುತ್ತಾನೆ. ಅದಕ್ಕೇ ನಾನೂ ಬಿಟ್ಟೆ. ಈಗ ನನ್ನ ಪ್ಯಾಂಟು ಸಡಿಲ, ನಿನ್ನ ಅತ್ತೆ ಅವನ ಜೊತೆ ಕೆರೆಯವರೆಗೆ ನಡೆದು ನಡೆದು ಮಂಡಿಗೆ ಎಣ್ಣೆ ಹಚ್ಚುವುದನ್ನೇ ಮರೆತಿದ್ದಾಳೆ. ಒಂದು ದಿನ ಅವನ ಕುತ್ತಿಗೆಯ ಕೂದಲು ಬಾಚುತ್ತಾ ಕೈ ಪಕ್ಕೆಗೆ ಜಾರಿತು. ಬೆರಳಿಗೆ ಒಂದು ಎಲುಬು ಸಿಕ್ಕಿತು. ಪಕ್ಕದಲ್ಲೇ ಇನ್ನೊಂದು. ನಾನು "ಲೇ, ಬಾರೇ ಇಲ್ಲಿ!" ಎಂದು ಕೂಗಿದ್ದಕ್ಕೆ ನಿನ್ನ ಅತ್ತೆ ಏನೋ ಅನಾಹುತವೆಂದು ಸೌಟು ಹಿಡಿದುಕೊಂಡೇ ಓಡಿಬಂದಳು.

ತಾಯಿ, ನಿನಗೆ ನಾನು ಎಂದೂ ಬಾಯಿಬಿಟ್ಟು ಹೇಳಿದವನಲ್ಲ, ಕಾಗದದ ಮೇಲಾದರೂ ಹೇಳುತ್ತೇನೆ. ನೀನು ಹೋದ ಮೇಲೆ ಈ ಮನೆಯಲ್ಲಿ ಒಬ್ಬೊಬ್ಬರೂ ಒಂದೊಂದು ಮೂಲೆ ಹಿಡಿದು ಕೂರುತ್ತಿದ್ದೆವೇನೋ. ಇವನಿಂದಾಗಿ ದಿನಕ್ಕೆರಡು ಸಲ ಎಲ್ಲರೂ ಒಟ್ಟಿಗೆ ಮೆಟ್ಟಿಲು ಇಳಿಯುತ್ತೇವೆ. ಬೇಡ ಬೇಡವೆಂದರೂ ಇವನನ್ನು ತಂದೆಯಲ್ಲ, ನಿನ್ನ ಆ ಹಟಕ್ಕೆ ನಾನು ಋಣಿ. ಮಾವನ ವಯಸ್ಸಿನ ಚಿಂತೆಯಲ್ಲಿ ನಿನ್ನ ಜೀವದಂಥ ನಾಯಿಯ ವಿಷಯದಲ್ಲೂ ನಮ್ಮನ್ನು ಬೈಯದೆ, ನಾನೇ ಇಟ್ಟುಕೊಳ್ಳುತ್ತೇನೆ ಎಂದೆಯಲ್ಲ, ಅದಕ್ಕೂ.

ನಿನ್ನೆ ಊಟವಾದ ಮೇಲೆ ನಿನ್ನ ಅತ್ತೆ ಕುದುರೆಯ ಕಥೆಯನ್ನು ಡ್ರೈವರಣ್ಣನಿಗೂ ಹೇಳಿದಳು. ಮೂಟೆ ಅವರ ಕಾಲ ಮೇಲೆ ತಲೆಯಿಟ್ಟು, ಅವರ ಜೇಬು ಮೂಸುತ್ತಾ ಕೇಳಿದ. ಅವರೂ ಪುಟ್ಟಿಯ ಹಾಗೆಯೇ "ಆಮೇಲೆ?" ಎಂದರು. ನಿನ್ನ ಅತ್ತೆಯೂ "ನಾಳೆ ಬೆಳಿಗ್ಗೆ ನೋಡೋಣ" ಎಂದಳು.

ಆರೋಗ್ಯ ನೋಡಿಕೋ. ನಿನ್ನ ಜೊತೆ ಕೆಲಸ ಮಾಡುವವರಿಗೆಲ್ಲ ನಮ್ಮ ನಮಸ್ಕಾರ ತಿಳಿಸು. ಪುಟ್ಟಿ ಮುತ್ತು ಕೊಟ್ಟಿದ್ದಾಳೆ, ಮೂಲೆಯಲ್ಲಿರುವ ಒದ್ದೆ ಗುರುತು ಮಾತ್ರ ಮೂಟೆಯ ಮೂಗಿನದು.

ಇತಿ ನಿನ್ನ ಒಳಿತನ್ನೇ ಬಯಸುವ,
ಮಾವ

ತಾ.ಕ: ಡ್ರೈವರಣ್ಣ ಹಾರ್ನ್ ಹೊಡೆಯುತ್ತಿದ್ದಾರೆ, ಅವಸರದಲ್ಲಿ ಬರೆಯುತ್ತಿದ್ದೇನೆ. ಲಾರಿಯಲ್ಲಿ ಮೂಟೆಯನ್ನು ಹುಡುಕಬೇಡ. ಅವನ ಬದಲು ಎರಡು ದಿಂಬು ಕಳಿಸಿದ್ದೇನೆ. ನಾವು ಬರೆಯುವ "ಚೆನ್ನಾಗಿದ್ದಾನೆ"ಯನ್ನು ನೀನು ಮತ್ತೆ ನಂಬಬೇಕಾಗಿಲ್ಲ. ಹೋದ ವಾರ ನಿನ್ನ ಪತ್ರ ಬಂದಂದಿನಿಂದ ಕೂತು ಹೊಲಿದೆ. ಎರಡರ ಒಳಗೂ ಬಿದಿರಿನ ಕಡ್ಡಿಗಳನ್ನು ಪಕ್ಕೆಲುಬಿನ ಹಾಗೆ ಜೋಡಿಸಿ, ಮೇಲೆ ಹತ್ತಿ ಹಾಕಿದ್ದೇನೆ. ಕೆಂಪು ದಿಂಬು ಮೆಟ್ಟಿಲ ಮೇಲೆ ಕೂತ ದಿನದ ಮೂಟೆ. ನೀಲಿ ದಿಂಬು ಇವತ್ತಿನ ಮೂಟೆ. ನೀಲಿಯದನ್ನು ಮೂರು ಸಲ ಬಿಚ್ಚಿ ಹೊಲಿದೆ. ಬೆಳಿಗ್ಗೆ ಡ್ರೈವರಣ್ಣ ಕಣ್ಣು ಮುಚ್ಚಿ ಒಂದು ಕೈ ನಾಯಿಯ ಮೇಲೆ, ಒಂದು ಕೈ ನೀಲಿ ದಿಂಬಿನ ಮೇಲೆ ಇಟ್ಟು ಎರಡನ್ನೂ ಸವರಿ ನೋಡಿದರು. ಆಮೇಲೆ ಮೂಟೆ ಅವರ ಜೊತೆ ತಾನೇ ಮೂರೂ ಮಹಡಿ ಇಳಿದು, ಲಾರಿಯ ಚಕ್ರ ಮೂಸಿ, ನನಗಿಂತ ಮುಂದೆ ತಾನೇ ಮೆಟ್ಟಿಲು ಹತ್ತಿ ಮನೆಗೆ ಬಂದ. ಅವನು ಮೆಟ್ಟಿಲು ಹತ್ತುವ ಮೊದಲೇ ಡ್ರೈವರಣ್ಣ ಸರಪಳಿಯನ್ನು ಸೀಟಿನ ಕೆಳಗೆ ಹಾಕಿ, ನಾಯಿಗೆ ತಂದ ಬಿಸ್ಕತ್ತನ್ನು ಅವನಿಗೆ ಬೆನ್ನು ತಿರುಗಿಸಿ ನಿಂತು ತಾವೇ ತಿಂದರು. ಆದರೂ ನಾಯಿ ನಿನ್ನದು, ತೀರ್ಮಾನ ನಿನ್ನದು. ದಿಂಬು ಮುಟ್ಟಿದ ನಿನ್ನ ಕೈ ಒಪ್ಪದಿದ್ದರೆ ಮುಂದಿನ ವಾರ ನಾನೇ ಅವನನ್ನು ಕರೆದುಕೊಂಡು ಬರುತ್ತೇನೆ. ಮೊದಲು ಕೆಂಪು, ಆಮೇಲೆ ನೀಲಿ. ಒತ್ತಬೇಡ ತಾಯಿ, ಸವರಿ ನೋಡು.