ಅಮ್ಮಿಯ ಸೀಟಿನ ತಂಪು

ವಾಹೀದ,

ಬೇವೂರಿನ ಶಾಲೆಗೆ ಹೊರಟೆ, ಬಸ್ಸಿಗೆ ಹೊತ್ತಾಯಿತು. ಬುಟ್ಟಿಯಲ್ಲಿ ರೊಟ್ಟಿ ಇದೆ. ನಿನ್ನೆಯಂತೆ ಹಾಗೇ ಬಿಡಬೇಡ, ತಿನ್ನು.

ಇವತ್ತು ಶುಕ್ರವಾರ. ಅಮ್ಮಿಯ ಡಯಾಲಿಸಿಸ್‌ಗೆಂದು ನೀನು ಫೋನಿನಲ್ಲಿ ಇಟ್ಟಿದ್ದ ಹೊತ್ತಿಗೆ ಅಂಗಳದಲ್ಲಿ ನಿನ್ನ ಎಲೆಕ್ಟ್ರಿಕ್ ಕಾರಿನ ಎಸಿ ತಾನಾಗಿಯೇ ಶುರುವಾಯಿತು. ಅವಳನ್ನು ಮಣ್ಣು ಮಾಡಿ ವಾರವೂ ಆಗಿಲ್ಲ, ಅದು ಕಾರಿಗೇನು ಗೊತ್ತು? ಓಡಿಹೋಗಿ ಬಾಗಿಲು ತೆಗೆದೆ. ಹಿಂದಿನ ಸೀಟಿನಲ್ಲಿ ಅವಳು ಕೂರುತ್ತಿದ್ದ ಕಡೆ ಮಾತ್ರ ತಣ್ಣಗಿತ್ತು. ಅಲ್ಲೇ ಕೂತು ಅತ್ತೆ. ಬಂದ್ ಮಾಡಲು ಕೈ ಬರಲಿಲ್ಲ.

ಬ್ಯಾಟರಿ ಸಾಲದೆಂದು ಮೊದಮೊದಲು ಅವಳನ್ನು ಕೊಪ್ಪಳದ ಆಸ್ಪತ್ರೆಯವರೆಗೂ ಎಸಿ ಇಲ್ಲದೆ ಕರೆದೊಯ್ದೆನಲ್ಲ ಎಂದು ಕೊರಗುತ್ತಿದ್ದೀಯ. ಸಾಕು ಮಾಡು. ಒಂದೇ ಸೀಟು ತಂಪಾಗಿಡುವ ಹೊಸ ಸಾಫ್ಟ್‌ವೇರ್ ಬಂದ ದಿನವೇ ಹಾಕಿಸಿದವನೂ ನೀನೇ. ಆಮೇಲೆ ಅವಳು ನನಗೆ ಹೇಳಿದ್ದಳು: "ದವಾಖಾನಿ ಅಂದ್ರ ಜೀವಾನ ಬ್ಯಾಡ ಅಂತಿತ್ತು ಬೇಟಿ. ಈಗ ಆ ಗಾಡ್ಯಾಗ ಕುಂದ್ರಾಕರ ಹೋಗೂಣು ಅನಸ್ತೈತಿ. ನನ್ನ ಮಗಾ ಬಾಜೂಕ ಕುಂತು ಗಾಳಿ ಬೀಸಿದಂಗ ಆಗತೈತಿ."

ಅವಳ ಇನ್ನೊಂದು ಡಯಾಲಿಸಿಸ್ ದಿನ ಮಂಗಳವಾರ, ಅವತ್ತು ಎಸಿ ಮತ್ತೆ ಶುರುವಾಗುತ್ತದೆ. ಅಷ್ಟರೊಳಗೆ ಆ ಟೈಮರ್ ತೆಗೆದುಬಿಡು. ನಿನ್ನಿಂದಲೂ ಆಗದಿದ್ದರೆ ಸಂಜೆ ನಾನು ಬರುವವರೆಗೆ ಕಾಯಿ, ಇಬ್ಬರೂ ಕೂತು ತೆಗೆಯೋಣ.

ನಿನ್ನ ಅಕ್ಕ
ನಾಹೀದಾ