ಮಾವನ ಹೆಸರು ಕೂಗಿದ್ದು

ಕೊಚ್ಕೋರ್
ಜುಲೈ ಹನ್ನೊಂದು, ಶುಕ್ರವಾರ ಸಂಜೆ

ಪ್ರೀತಿಯ ಅತ್ತೆಗೆ ಸೊಸೆ ಜಿಪಾರಳ ಸಲಾಮು.

ಮೇಲೆ ಹುಲ್ಲುಗಾವಲಿನಲ್ಲಿ ಚಳಿ ಹೇಗಿದೆ? ನಿಮ್ಮ ಮಂಡಿನೋವು ಕಡಿಮೆಯಾಯಿತೇ? ಗುಡಾರದೊಳಗೆ ಕೂರುವಾಗ ಕೆಳಗೆ ಎರಡು ಕಂಬಳಿ ಹಾಸಿಕೊಳ್ಳಿ. ನಿಮ್ಮ ಮಗ ಕುರಿಗಳ ಹಿಂದೆ ಅಲೆಯುತ್ತಾ ಊಟವನ್ನೇ ಮರೆಯುತ್ತಾರೆ, ಗದರಿಸಿ ತಿನ್ನಿಸಿ. ಈ ಸಲ ಕುದುರೆ ಹಾಲು ಚೆನ್ನಾಗಿ ಹುಳಿ ಬಂದಿದೆ ಎಂದು ಹಾಲಿನ ಲಾರಿಯವನು ಬಾಯಿ ಚಪ್ಪರಿಸಿಕೊಂಡು ಹೇಳಿದ. ಇಲ್ಲಿ ಆಲೂಗೆಡ್ಡೆಗೆ ನೀರು ಬಿಟ್ಟಾಯಿತು, ಹಸು ಚೆನ್ನಾಗಿದೆ, ಮಾವ ಕ್ಷೇಮ. ಆ ಕೊನೆಯ ಮಾತನ್ನು ಇನ್ನೊಮ್ಮೆ ಓದಿಕೊಂಡು ಮುಂದಕ್ಕೆ ಹೋಗಿ ಅತ್ತೆ, ಮಾವ ಕ್ಷೇಮವಾಗಿದ್ದಾರೆ. ನಾಳೆ ಅದೇ ಲಾರಿಯಲ್ಲಿ ಪಕ್ಕದ ಮನೆಯ ಬುರ್ಮಾಕಾನ್ ಅಜ್ಜಿ ಕೂಡ ಮೇಲಕ್ಕೆ ಬರುತ್ತಿದ್ದಾರೆ. ಅವರು ಬಾಯಿ ತೆರೆಯುವ ಮೊದಲು ಈ ಕಾಗದ ನಿಮಗೆ ಸಿಗಲೆಂದು ಲಾರಿಯವನ ಜೇಬಿಗೇ ತುರುಕುತ್ತೇನೆ.

ನಮ್ಮ ಕಾರಿನ ಮುಂದಿನ ಶಾಕ್‌ಅಬ್ಸಾರ್ಬರ್ ಎರಡೂ ಸತ್ತು ಹೋಗಿದ್ದವಲ್ಲ, ಒಂದು ಗುಂಡಿಗೆ ಇಳಿದರೆ ಬೀದಿ ಮುಗಿಯುವವರೆಗೂ ಕುಣಿಯುತ್ತಿತ್ತು. ಭಾನುವಾರ ಕಣಿವೆ ಹತ್ತಿ ನಿಮ್ಮನ್ನು ನೋಡಿ ಬರಲೇಬೇಕೆಂದು ಮಾವ ಹೊಸ ಜೋಡಿ ತಂದಿಟ್ಟುಕೊಂಡರು. ಬಜಾರಿನ ಗ್ಯಾರೇಜಿಗೆ ಕೊಡೋಣ ಎಂದೆ. “ಆಯಸ್ಸೆಲ್ಲಾ ಬಸ್ ಓಡಿಸಿದೋನು ನಾನು, ನನ್ನ ಗಾಡಿ ಬೋಲ್ಟು ಇನ್ನೊಬ್ಬನ ಕೈಲಿ ಬಿಚ್ಚಿಸ್ಲಾ?” ಎಂದು ನನ್ನ ಮೇಲೇ ರೇಗಿದರು. ಬುರ್ಮಾಕಾನ್ ಮನೆಯಿಂದ ಸ್ಪ್ರಿಂಗ್ ಅದುಮಿ ಹಿಡಿಯುವ ಎರಡು ಉದ್ದನೆಯ ಕೊಕ್ಕೆಗಳನ್ನು ಇಸಿದುಕೊಂಡು ಬಂದರು. ಹಲ್ಲು ಸವೆದ ಹಳೆಯ ಕೊಕ್ಕೆಗಳು.

ಬೆಳಿಗ್ಗೆ ಅಂಗಳದಲ್ಲಿ ಜಾಕ್ ಏರಿಸಿ, ಚಕ್ರ ಕಳಚಿ, ತುಕ್ಕು ಹಿಡಿದ ಬೋಲ್ಟುಗಳಿಗೆ ಎಣ್ಣೆ ಕುಡಿಸಿ, ಸ್ಪ್ರಿಂಗ್ ಸಮೇತ ಹಳೆಯದನ್ನು ಹೊರಗೆಳೆದರು. ನಾನು ಸಾಮಾನು ಕೊಡುವವಳು. ಮಾವನ ಹೆಸರನ್ನಷ್ಟೇ ಅಲ್ಲ, ಅದರಲ್ಲಿ ಸೇರಿಕೊಂಡಿರುವ, ಬೋಲ್ಟು ಸ್ಪಾನರುಗಳನ್ನು ಮಾಡುವ ಆ ಲೋಹದ ಹೆಸರನ್ನೂ ಸೊಸೆ ನಾಲಿಗೆಗೆ ತರಬಾರದೆಂದು ಮದುವೆಯಾಗಿ ಬಂದ ದಿನವೇ ನೀವು ಕಲಿಸಿದಿರಿ. ಅಂದಿನಿಂದ ನನಗೆ ಅದು ಬರೀ ‘ಗಟ್ಟಿಯದು’. ಆದರೆ ಕಾರೆಂದರೆ ಬುಡದಿಂದ ತಲೆಯವರೆಗೂ ಗಟ್ಟಿಯದೇ ಅಲ್ಲವೇ ಅತ್ತೆ! “ಆ ಉದ್ದದ ಗಟ್ಟಿಯದು ಬೇಕಾ, ಈ ಬಗ್ಗಿದ ಗಟ್ಟಿಯದು ಬೇಕಾ” ಎಂದು ನಾನು ಕೇಳುವುದು, ಬೇಲಿಯಾಚೆ ಬಟ್ಟೆ ಒಣಹಾಕುತ್ತಿದ್ದ ಬುರ್ಮಾಕಾನ್ ಬಿದ್ದು ಬಿದ್ದು ನಗುವುದು. “ನಿನ್ನ ಸೊಸೆ ಸ್ಪಾನರ್ ಕೊಡೋ ಹೊತ್ತಿಗೆ ಹಿಮ ಬೀಳುತ್ತೆ ಕಣೋ” ಎಂದರು.

ಮಾವ ಸ್ಪ್ರಿಂಗಿನ ಎರಡೂ ಕಡೆ ಕೊಕ್ಕೆ ಸಿಕ್ಕಿಸಿ, ಆ ಕಡೆ ಸ್ವಲ್ಪ, ಈ ಕಡೆ ಸ್ವಲ್ಪ ತಿರುಪಿ ಅದನ್ನು ಗಿಡ್ಡ ಮಾಡಿದರು. ಮೇಲಿನ ನಟ್ಟು ಬಿಚ್ಚಿದರು. ಇನ್ನು ಆ ಸ್ಪ್ರಿಂಗಿಗೆ ಕೊಕ್ಕೆಗಳನ್ನು ಬಿಟ್ಟರೆ ಬೇರೆ ಹಿಡಿತವಿಲ್ಲ. ಮೇಲಿನ ತಟ್ಟೆಯನ್ನು ಎತ್ತಲು ಅವರು ಅದರ ಮೇಲೆಯೇ ಮುಖ ಬಗ್ಗಿಸಿದರು. ಎದುರಿಗೆ ನಿಂತ ನನಗೆ ಕಂಡಿತು, ಅವರ ಎಡಗಡೆಯ ಕೊಕ್ಕೆ ಮೆಲ್ಲಗೆ ಜಾರುತ್ತಿತ್ತು. ಅವರ ಮೂಗಿನ ಕೆಳಗೇ ಜಾರುತ್ತಿದೆ, ಅವರು ನೋಡುತ್ತಲೇ ಇಲ್ಲ. ‘ಗಟ್ಟಿ...’ ಎಂದು ಶುರು ಮಾಡಿದೆ. ಆ ಮಾತು ಮುಗಿಯುವಷ್ಟು ಹೊತ್ತು ಇರಲಿಲ್ಲ. ಆಮೇಲೆ ನನ್ನ ಗಂಟಲಿನಿಂದ ಹೊರಟದ್ದು ಅವರ ಹೆಸರು. ಪೂರ್ತಿ ಹೆಸರು ಅತ್ತೆ, ಬೀದಿಗೆಲ್ಲ ಕೇಳುವ ಹಾಗೆ, ಹಿಂದೆ ಮುಂದೆ ಒಂದು ಮರ್ಯಾದೆಯ ಮಾತೂ ಇಲ್ಲದೆ.

ಅವರು ಬೆಚ್ಚಿಬಿದ್ದು ತಲೆ ಎತ್ತಿ ನನ್ನ ಕಡೆ ವಾಲಿದರು. ಅಷ್ಟರಲ್ಲಿ ಬಂದೂಕು ಸಿಡಿದಂಥ ಸದ್ದು. ತಟ್ಟೆಯೂ ಸ್ಪ್ರಿಂಗೂ ಅವರ ಕಿವಿಯ ಪಕ್ಕದಿಂದ ಹಾರಿ, ತಲೆಯ ಮೇಲಿನ ಬಿಳಿ ಟೊಪ್ಪಿಗೆಯನ್ನು ಕಿತ್ತುಕೊಂಡು, ಬೇಸಿಗೆಯ ಅಡುಗೆಮನೆಯ ಬಾಗಿಲನ್ನು ಸೀಳಿ ಒಳಗೆ ಬಿದ್ದವು. ಹಸು ಹಗ್ಗ ಹರಿದುಕೊಂಡು ಓಡಿತು. ಮಾವ ಬರಿತಲೆಯಲ್ಲಿ ನೆಲದ ಮೇಲೆ ಕೂತು, ತಮ್ಮ ಮುಖ ಇದೆಯೋ ಇಲ್ಲವೋ ಎಂಬಂತೆ ಸವರಿಕೊಳ್ಳುತ್ತಿದ್ದರು. ನಂತರ ಬಹಳ ಮೆಲ್ಲಗೆ, “ಯಾರು ಕರೆದದ್ದು?” ಎಂದು ಕೇಳಿದರು.

ನಾನು ಮುಸುಕಿನಲ್ಲಿ ಮುಖ ಮುಚ್ಚಿಕೊಂಡೆ. “ಅಯ್ಯಯ್ಯೋ, ಸೊಸೆಯಾದೋಳು ಮಾವನ ಹೆಸರು ಹಿಡಿದು ಕೂಗಿದ್ಲಲ್ಲಪ್ಪಾ!” ಎಂದು ಬೇಲಿಯ ಮೇಲಿನಿಂದ ಬುರ್ಮಾಕಾನ್. ಮಾವ ಅತ್ತ ತಿರುಗಿ, “ಬಾಯಿ ಮುಚ್ಚು ಬುರ್ಮಾಕಾನ್. ಅವಳು ಕೂಗದೇ ಇದ್ದಿದ್ರೆ ಈಗ ನೀನು ನನ್ನ ಹೆಣದ ಮುಂದೆ ಕೂತು ಅದೇ ಹೆಸರು ಹೇಳ್ಕೊಂಡು ಅಳ್ತಿದ್ದೆ” ಎಂದರು. ನನಗೆ ಮಾತ್ರ, “ಎದ್ದೇಳು ಮಗಳೇ, ಚಹಾ ಮಾಡು” ಎಂದರು.

ಗ್ಯಾರೇಜಿಗೆ ಬಿಡೋಣವೆಂದು ನಾನು ಕಣ್ಣೀರಿಟ್ಟು ಬೇಡಿಕೊಂಡೆ. ಮಾವ ಒಪ್ಪಲಿಲ್ಲ. ನಾನೇ ಬಜಾರಿಗೆ ಓಡಿ ಗ್ಯಾರೇಜಿನಿಂದ ಗಟ್ಟಿ ಕೊಕ್ಕೆಗಳನ್ನು ತಂದೆ. ಕುದುರೆ ಕಟ್ಟುವ ಹಗ್ಗವನ್ನು ಸ್ಪ್ರಿಂಗಿಗೆ ಸುತ್ತಿ, ಅವರನ್ನು ದೂರ ಕೂರಿಸಿ, ಅವರು ಹೇಳಿದ ಹಾಗೆ ನಾನೇ ತಿರುಪಿದೆ. ಹೊಸ ಜೋಡಿ ಎರಡೂ ತಮ್ಮ ಜಾಗದಲ್ಲಿ ಕೂತವು. ಈಗ ಗಾಡಿ ಬೀದಿಯಲ್ಲಿ ದೋಣಿಯ ಹಾಗೆ ಹೋಗುತ್ತದೆ.

ನೀವು ಬೈದರೆ ಬೈಸಿಕೊಳ್ಳುತ್ತೇನೆ ಅತ್ತೆ. ಆದರೆ ನಾಳೆ ಅಂಥದೇ ಹೊತ್ತು ಬಂದರೆ ನಾಳೆಯೂ ಕೂಗುತ್ತೇನೆ. ನಿಮ್ಮ ಮಗನಿಗೆ ನನ್ನ ಪ್ರೀತಿ, ನಿಮ್ಮ ಕೈಗೆ ನನ್ನ ಮುತ್ತು. ದೇವರು ನಿಮ್ಮನ್ನೂ ಮಂದೆಯನ್ನೂ ತಣ್ಣಗಿಟ್ಟಿರಲಿ.

ನಿಮ್ಮ ಸೊಸೆ
ಜಿಪಾರ್

ಮರೆತ ಮಾತು: ಮರೆತದ್ದಲ್ಲ, ಬರೆಯಲು ಧೈರ್ಯವಿರಲಿಲ್ಲ. ಆ ಕೊಕ್ಕೆ ಅವರಿಗೆ ಯಾಕೆ ಕಾಣಲಿಲ್ಲ ಎಂದು ನನಗೆ ಸಮಾಧಾನವಾಗಲಿಲ್ಲ. ಊಟಕ್ಕೆ ಕೂತಾಗ ಎಡಗಡೆಯಿಂದ ರೊಟ್ಟಿ ಚಾಚಿ ಹಾಗೇ ಹಿಡಿದುಕೊಂಡಿದ್ದೆ. ಅವರು ತಿರುಗಲೇ ಇಲ್ಲ. ಕೇಳಿದ್ದಕ್ಕೆ, ಚಳಿಗಾಲ ಕಳೆದಾಗಿನಿಂದ ಎಡಗಣ್ಣಿಗೆ ಬರೀ ಮಂಜು ಎಂದರು. “ನಿನ್ನ ಅತ್ತೆಗೆ ಹೇಳ್ಬೇಡ, ಗಾಡಿ ಕಿತ್ಕೋತಾಳೆ.” ಭಾನುವಾರ ಅದೇ ಕಣ್ಣಿನಲ್ಲಿ ಕಣಿವೆಯ ತಿರುವುಗಳನ್ನು ಹತ್ತುತ್ತಾರಂತೆ. ಕೀಲಿಯನ್ನು ಹಿಟ್ಟಿನ ಚೀಲದೊಳಗೆ ಹೂತಿಟ್ಟಿದ್ದೇನೆ. ನಾಳೆ ಕೆಳಗಿಳಿಯುವ ಲಾರಿಯಲ್ಲೇ ನಿಮ್ಮ ಮಗನನ್ನು ಕಳಿಸಿ, ಕಣ್ಣಿನ ಡಾಕ್ಟರ ಬಳಿಗೆ ಕರೆದೊಯ್ಯಲಿ. ಈಗಾಗಲೇ ಮಾವ ಜೇಬುಗಳನ್ನೆಲ್ಲ ತಡಕಾಡುತ್ತಿದ್ದಾರೆ.