ಗುರುವಾರ ಬರುವ ಮಗಳು

ಅಮ್ಮನವರಿಗೆ ನಮಸ್ಕಾರ.

ಬಂದೂಕು ಹಿಡಿದವರ ಮಾತು ನಂಬಿ ನಾಲ್ಕು ವರ್ಷದ ಹಿಂದೆ ಮನೆ ಬಿಟ್ಟುಹೋದ ನಿಮ್ಮ ಮಗಳನ್ನು ಗುರುವಾರ ಬೆಳಿಗ್ಗೆ ಹತ್ತಕ್ಕೆ ಕರೆತರುತ್ತೇನೆ.

ಮೊನ್ನೆ ಫೋನಿನಲ್ಲಿ ನೀವು ದನಿ ತಗ್ಗಿಸಿ, "ಅವಳು ನಮ್ಮನ್ನ ಏನೂ ಮಾಡಲ್ಲ ತಾನೇ?" ಎಂದು ಕೇಳಿದಿರಿ. ಅವಳ ಚೀಲವನ್ನು ನಾನೇ ಬಿಚ್ಚಿ ನೋಡಿದ್ದೇನೆ. ಎರಡು ಜೊತೆ ಬಟ್ಟೆ, ಒಂದು ಬಾಚಣಿಗೆ, ಅಷ್ಟೇ. ಮನಸ್ಸನ್ನು ಹಾಗೆ ಬಿಚ್ಚಿ ನೋಡಲಾಗದು. ಬಂದೂಕು ಬಿಟ್ಟು ಬಂದವರ ಈ ಶಿಬಿರದಲ್ಲಿ ನನ್ನದು ಅವಳ ಪಕ್ಕದ ಕೋಣೆ. ಮೊದಲ ತಿಂಗಳು ಚಿಲಕ ಹಾಕಿಕೊಂಡೇ ಮಲಗುತ್ತಿದ್ದೆ. ಈಗ ಹಾಕುವುದಿಲ್ಲ. ಇದಕ್ಕಿಂತ ಹೆಚ್ಚಿನ ಭರವಸೆ ನನ್ನಲ್ಲಿಲ್ಲ.

ನಿನ್ನೆ ಅವಳು, "ಬಾಗಿಲು ತೆಗೆಯೋದು ಅಣ್ಣ ಆದ್ರೆ ನಾನು ಕಾರಿಂದ ಇಳಿಯಲ್ಲ ಅಕ್ಕಾ, ಅವನು ನನ್ನ ಕೊಂದೇ ಹಾಕ್ತಾನೆ" ಎಂದಳು. ಹಾಗೆನ್ನುತ್ತಾ ಮಡಿಸಿದ ಬಟ್ಟೆಯನ್ನೇ ಮತ್ತೆ ಮತ್ತೆ ಮಡಿಸುತ್ತಿದ್ದಳು.

ದಯವಿಟ್ಟು ಬಾಗಿಲನ್ನು ನೀವೇ ತೆಗೆಯಿರಿ. ಮಗನನ್ನು ಅಂದು ಬೇರೆಲ್ಲಾದರೂ ಕಳಿಸಿ. ನೆಂಟರನ್ನು ಸೇರಿಸಬೇಡಿ. ಅಲ್ಲಿ ಏನೇನು ಮಾಡಿದೆ ಎಂದು ಮೊದಲ ದಿನವೇ ಕೆದಕಬೇಡಿ. ಊಟಕ್ಕೆ ನೀವೂ ಜೊತೆಗೆ ಕೂತುಕೊಳ್ಳಿ.

ಸಂಜೆಯವರೆಗೂ ನಾನು ಬೀದಿಯ ತಿರುವಿನಲ್ಲಿ ಕಾರಿನಲ್ಲೇ ಇರುತ್ತೇನೆ. ಭಯವಾದರೆ ಮೊನ್ನೆ ಮಾತಾಡಿದ ನನ್ನ ನಂಬರಿಗೇ ಫೋನ್ ಮಾಡಿ, ಓಡಿ ಬರುತ್ತೇನೆ. ಅದೇ ನಂಬರನ್ನು ಅವಳಿಗೂ ಬರೆದುಕೊಟ್ಟಿದ್ದೇನೆ.

ಇಂತಿ,
ನಿಮ್ಮ ಮಗಳು ಅಕ್ಕ ಎಂದು ಕರೆಯುವ
ಶಿಬಿರದ ಕಾರ್ಯಕರ್ತೆ